ಹಳೆಯ ಮಾರುತಿಯ ಸ್ಟೇರಿಂಗು ಮತ್ತು ನಮ್ಮೂರ ಮಾರ್ಗಗಳು

ಚರಿತ್ರೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅರಸರು, ಯುದ್ಧಗಳು ಮತ್ತು ಇಸವಿಗಳು. 1837ರ ಅಮರ ಸುಳ್ಯದ ದಂಗೆಯ ಪಾಠ ಮಾಡುವಾಗ ನಾನು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ಆ ರೈತರು ಪುತ್ತೂರು, ಪಾಣೆಮಂಗಳೂರುಗಳ ಮೂಲಕವೇ ಮಂಗಳೂರನ್ನು ಸೇರಿದರು. ನಾವು ಇಂದು ಸುಳ್ಯದಿಂದ ಮಂಗಳೂರಿಗೆ ಹೋಗುವುದೂ ಅದೇ ದಿಕ್ಕಿನಲ್ಲಿ. ದಾರಿಗೂ ಒಂದು ಚರಿತ್ರೆಯಿದೆ, ಆ ದಾರಿಯಲ್ಲಿ ಓಡಿದ ಗಾಡಿಗೂ ಒಂದು ಚರಿತ್ರೆಯಿದೆ. ಹಿಂದಿನ ಬೆಂಚಿನಲ್ಲಿ ಕುಳಿತು ಇದನ್ನು ಕೇಳಿದ ಕೆಲವರು ಇಂದು ಸ್ವತಃ ಗ್ಯಾರೇಜು ನಡೆಸುತ್ತಿದ್ದಾರೆ. ಆದ್ದರಿಂದ ಈ ಸಲ ನಾನು ಆರಿಸಿಕೊಂಡ ವಿಷಯ ಅವರಿಗೆ ಆಶ್ಚರ್ಯವನ್ನುಂಟುಮಾಡದು. ಪುತ್ತೂರು, ಸುಳ್ಯ, ಕಡಬಗಳ ಮನೆಯಂಗಳದಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ನಿಂತಿರುವ ಹಳೆಯ ಮಾರುತಿ 800 ಕಾರಿನ ಸ್ಟೇರಿಂಗು ಮತ್ತು ಅದಕ್ಕೆ ತಗಲುವ ಕಾಯಿಲೆಗಳೇ ಇಂದಿನ ವಿಷಯ.

ಗಾಡಿಯನ್ನು ತಿರುಗಿಸುವುದು ಅಷ್ಟು ದೊಡ್ಡ ಸಂಗತಿಯೇ ಎಂದು ಕೇಳುವವರು ನಮ್ಮ ಪುತ್ತೂರಿನ ಜಾತ್ರೆಯನ್ನು ನೆನಪಿಸಿಕೊಳ್ಳಬೇಕು. ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವ ಪ್ರತಿವರ್ಷ ಎಪ್ರಿಲ್ 17ರಂದು. ಆ ಮಹಾರಥಕ್ಕೆ ಸ್ಟೇರಿಂಗು ಇಲ್ಲ. ಮುಂದೆ ಹಗ್ಗ ಹಿಡಿದವರು ಎಳೆಯುತ್ತಾರೆ. ರಥ ಎಡಕ್ಕೋ ಬಲಕ್ಕೋ ವಾಲಿದರೆ ಚಕ್ರದ ಬಳಿ ನಿಂತ ಅನುಭವಿಗಳು ಮರದ ಅಡ್ಡೆಯನ್ನು ಕೊಟ್ಟು ಅದರ ದಿಕ್ಕನ್ನು ತಿದ್ದುತ್ತಾರೆ. ನೋಡುವವರ ಕಣ್ಣು ಕಲಶದ ಮೇಲಿದ್ದರೆ ಇವರ ಕಣ್ಣು ಚಕ್ರದ ಮೇಲೆ. ಎತ್ತಿನ ಗಾಡಿಯಲ್ಲಿ ಈ ಕಷ್ಟವಿರಲಿಲ್ಲ. ಎರಡೇ ಚಕ್ರ, ಎತ್ತು ತಿರುಗಿದರೆ ಗಾಡಿಯೂ ತಿರುಗಿತು. ನಾಲ್ಕು ಚಕ್ರ ಬಂದಾಗಲೇ ತೊಡಕು ಆರಂಭವಾಯಿತು. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗಬೇಕು, ಹೊರಗಿನದು ದೊಡ್ಡ ವೃತ್ತದಲ್ಲಿ. ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ಚಕ್ರ ಉರುಳದೆ ಉಜ್ಜಿಕೊಂಡು ಹೋಗುತ್ತದೆ. ಇದಕ್ಕೆ ಪರಿಹಾರ ಕಂಡವನು ಮ್ಯೂನಿಕ್ ನಗರದ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್. ಕಾಲ 1817ರ ಸುಮಾರು. ಮರುವರ್ಷ, 1818ರಲ್ಲಿ, ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟು ಪಡೆದವನು ರುಡಾಲ್ಫ್ ಆಕರ್ಮನ್. ಹೆಸರು ಉಳಿದದ್ದು ಎರಡನೆಯವನದು. ಕುದುರೆ ಸಾರೋಟಿಗಾಗಿ ಹುಟ್ಟಿದ ಆ ತತ್ತ್ವವೇ ಇಂದಿಗೂ ನಮ್ಮ ಕಾರುಗಳ ಮುಂಚಕ್ರಗಳಲ್ಲಿದೆ. ಮಂಗಳೂರಿನಲ್ಲಿ ಕಲ್ಯಾಣಪ್ಪನವರ ಬಾವುಟ ಹಾರುವುದಕ್ಕೆ ಎರಡು ದಶಕ ಮೊದಲೇ ಇದು ಆಗಿಹೋಗಿತ್ತೆಂಬುದು ನನ್ನಂಥ ಚರಿತ್ರೆಯ ಮೇಷ್ಟ್ರಿಗೆ ಒಂದು ಸ್ವಾರಸ್ಯ.

ನಮ್ಮ ಕಡೆಯ ಗುಡ್ಡ ಮಾರ್ಗಗಳಿಗೆ ನಿಜವಾಗಿ ಒಗ್ಗಿಕೊಂಡ ಮೊದಲ ಗಾಡಿ ಜೀಪು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪಿನ ಸಂತತಿ ಸುಳ್ಯ, ಪಂಜ, ಬೆಳ್ಳಾರೆಗಳಲ್ಲಿ ದಶಕಗಳ ಕಾಲ ಜನರನ್ನು ಹೊತ್ತಿತು. ಬಸ್ಸು ಹೋಗದ ಕಡೆಗೆ ಸರ್ವಿಸ್ ಜೀಪು ಹೋಗುತ್ತಿತ್ತು. ಒಳಗೆಷ್ಟೋ ಹೊರಗೂ ಅಷ್ಟೇ ಜನ. ಅದರ ಸ್ಟೇರಿಂಗು ಸಡಿಲವೆಂಬುದು ಜಗಜ್ಜಾಹೀರು. ನೇರ ಮಾರ್ಗದಲ್ಲೂ ಚಾಲಕ ಚಕ್ರವನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇರುತ್ತಿದ್ದ. ಆದರೆ ಆ ಗಾಡಿಗೆ ಒಂದು ಗುಣವಿತ್ತು. ಅದರ ಕೀಲುಗಳಿಗೆಲ್ಲ ಗ್ರೀಸ್ ನಿಪ್ಪಲ್ ಇತ್ತು. ಕೆಲವು ದಿನಗಳಿಗೊಮ್ಮೆ ಚಾಲಕ ಚಾಪೆ ಹಾಸಿ ಅಡಿಯಲ್ಲಿ ಮಲಗಿ, ಗ್ರೀಸ್ ಗನ್ ಹಿಡಿದು ಒಂದೊಂದೇ ಕೀಲಿಗೆ ಗ್ರೀಸ್ ತುಂಬಬೇಕಿತ್ತು. ಹೀಗೆ ಅಡಿಯಲ್ಲಿ ಮಲಗಿದವನ ಕಣ್ಣಿಗೆ ಸವೆದ ಕೀಲು, ಸಡಿಲಗೊಂಡ ನಟ್ಟು, ಸೀಳಿದ ಪಟ್ಟಿ ತಾವಾಗಿಯೇ ಬೀಳುತ್ತಿದ್ದವು. ಗ್ರೀಸ್ ಹಾಕುವುದು ಬರಿಯ ಎಣ್ಣೆ ಸ್ನಾನವಲ್ಲ, ತಪಾಸಣೆಯೂ ಹೌದು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನು, ಆರುನೂರೈವತ್ತು ಕಿಲೋ ಆಸುಪಾಸಿನ ತೂಕ, 12 ಅಂಗುಲದ ಪುಟ್ಟ ಚಕ್ರಗಳು. ಮುಂಗಡ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. 1986ರಲ್ಲಿ ಅದರ ರೂಪ ಬದಲಾಯಿತು. ಅದೇ ವರ್ಷ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆಯೂ ಆರಂಭವಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ನಮ್ಮ ಕಡೆಯ ಅನೇಕ ಮಧ್ಯಮ ಕೃಷಿಕರು ಜೀವಮಾನದ ಮೊದಲ ಕಾರನ್ನು ಕೊಂಡರು. ಅದು ಬಹುಪಾಲು ಮಾರುತಿಯೇ. ಆ ಬಳಿಕ ಧಾರಣೆ ಕುಸಿಯಿತು, ಕಾರು ಉಳಿಯಿತು. ಅನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಓಡಿ ದಣಿದ ಸೆಕೆಂಡ್ ಹ್ಯಾಂಡ್ ಮಾರುತಿಗಳು ಘಟ್ಟ ಇಳಿದು ಬಂದು ನಮ್ಮ ತೋಟದ ಮನೆಗಳನ್ನು ಸೇರಿದವು. ದೊಡ್ಡ ನಗರಗಳಲ್ಲಿ 2010ರಲ್ಲೇ ಅದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು.

ಈ ಕಾರಿನ ಸ್ಟೇರಿಂಗು ಬಹಳ ಸರಳವಾದದ್ದು. ಕೈಯ ಚಕ್ರ ತಿರುಗಿದಂತೆ ಕೆಳಗೊಂದು ಸಣ್ಣ ಹಲ್ಲಿನ ಗಾಲಿ ತಿರುಗುತ್ತದೆ; ಅದು ಹಲ್ಲುಗಳಿರುವ ಒಂದು ಉದ್ದನೆಯ ಸರಳನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಇದೇ ರ್‍ಯಾಕ್ ಮತ್ತು ಪಿನಿಯನ್. ಸರಳಿನ ಎರಡು ತುದಿಗಳಿಂದ ಹೊರಟ ಟೈರಾಡುಗಳು ಮುಂಚಕ್ರಗಳನ್ನು ತಿರುಗಿಸುತ್ತವೆ. ತುದಿಯಲ್ಲಿ ನಮ್ಮ ಹೆಗಲ ಕೀಲಿನಂತೆಯೇ ಒಂದು ಬಟ್ಟಲು, ಅದರೊಳಗೊಂದು ಗುಂಡು. ಜೀಪಿನಿಂದ ಇಳಿದು ಮಾರುತಿಗೆ ಹತ್ತಿದವರಿಗೆ ಇದು ಆಟಿಕೆಯಂತೆ ಹಗುರವೆನಿಸಿತು. ಬೆರಳು ಮುಟ್ಟಿದರೆ ತಿರುಗುವ ಗಾಡಿ! ತೋಟದ ಇಕ್ಕಟ್ಟಿನ ದಾರಿಯಲ್ಲಿ, ದರೆ ಬದಿಯಲ್ಲಿ, ಮನೆಯ ಸಣ್ಣ ಅಂಗಳದಲ್ಲಿ ಒಂದೇ ಸುತ್ತಿಗೆ ಹಿಂತಿರುಗುವ ಗಾಡಿ. ಪವರ್ ಸ್ಟೇರಿಂಗು ಈ ಕಾರಿಗೆ ಬರಲಿಲ್ಲ. ಅದರ ಅಗತ್ಯವೂ ಕಾಣಲಿಲ್ಲ.

ಆದರೆ ಇಲ್ಲೊಂದು ಮುಖ್ಯ ಬದಲಾವಣೆಯಾಯಿತು. ಮಾರುತಿಯ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇಲ್ಲ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರಿನ ಟೊಪ್ಪಿಯಿಂದ ಮುಚ್ಚಿಬಿಡುತ್ತಾರೆ. ರ್‍ಯಾಕಿನ ಎರಡು ತುದಿಗಳಿಗೂ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ರಬ್ಬರ್ ಬೂಟ್ ಇದೆ. ಮಾಲೀಕನು ಮಾಡಬೇಕಾದ್ದು ಏನೂ ಇಲ್ಲ. ಜೀಪಿನ ಕಾಲದ ಚಾಪೆ ಮೂಲೆ ಸೇರಿತು. ಗಾಡಿಯ ಅಡಿ ನೋಡುವ ರೂಢಿಯೂ ಅದರೊಂದಿಗೆ ಹೋಯಿತು. ಲೋಹದ ಕೀಲುಗಳ ಯೋಗಕ್ಷೇಮವೆಲ್ಲ ಬೆರಳಿನಷ್ಟೂ ದಪ್ಪವಿಲ್ಲದ ಒಂದು ರಬ್ಬರಿನ ಮೇಲೆ ನಿಂತಿತು. ಮಾರುತಿಯ ಸ್ಟೇರಿಂಗಿನ ಅರ್ಧಕ್ಕರ್ಧ ತೊಂದರೆಗಳ ಮೂಲ ಇಲ್ಲಿದೆ ಎಂದು ನನ್ನ ತಿಳಿವಳಿಕೆ.

ಉಳಿದರ್ಧಕ್ಕೆ ಕಾರಣ ನಮ್ಮ ಮಾರ್ಗ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಡಾಮರು ಹಾಕಿದ ಮರುವರ್ಷ ಹೊಂಡ. ಜೀಪಿನ 16 ಅಂಗುಲದ ಚಕ್ರ ದಾಟಿಹೋಗುವ ಹೊಂಡದಲ್ಲಿ 12 ಅಂಗುಲದ ಚಕ್ರ ಇಳಿದು ಕೂರುತ್ತದೆ. ಮಾಣಿ–ಮೈಸೂರು ರಸ್ತೆ ಅಗಲವಾಗುವ ಮೊದಲು ಪುತ್ತೂರಿನಿಂದ ಸುಳ್ಯದ ಕಡೆ ಹೋದವರಿಗೆ ನೆನಪಿರಬಹುದು, ಎದುರಿನಿಂದ ಬಸ್ಸು ಬಂತೆಂದರೆ ಸಣ್ಣ ಕಾರು ಎಡ ಚಕ್ರವನ್ನು ಡಾಮರಿನಿಂದ ಕೆಳಗಿಳಿಸಲೇಬೇಕಿತ್ತು. ಮಳೆನೀರು ಕೊರೆದ ಆ ಅಂಚು ಕೆಲವೆಡೆ ಗೇಣುದ್ದ. ಇಳಿಯುವಾಗ ಒಂದು ಪೆಟ್ಟು, ಹತ್ತುವಾಗ ಇನ್ನೊಂದು. ಎರಡೂ ಎಡ ಮುಂಚಕ್ರಕ್ಕೆ. ಕಡಬ, ಕಾಣಿಯೂರು, ಪಂಜದ ಕಡೆಯ ಒಳದಾರಿಗಳಲ್ಲಿ ಇಂದಿಗೂ ಇದೇ ಕಥೆ. ನನ್ನ ಪರಿಚಯದ ಮೆಕ್ಯಾನಿಕ್‌ಗಳೆಲ್ಲ ಮೊದಲು ಎಡಗಡೆಯ ಲೋವರ್ ಆರ್ಮನ್ನೇ ನೋಡುವುದು ಸುಮ್ಮನೆ ಅಲ್ಲ.

ಮೇಲಾಗಿ ಮುಳುಗು ಸೇತುವೆಗಳು. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಗುಂಡ್ಯ ಹೊಳೆಗೆ ಅಡ್ಡಲಾಗಿದ್ದ ಹೊಸ್ಮಠದ ಹಳೆಯ ಸೇತುವೆಯನ್ನು ಮರೆತವರಿಲ್ಲ. ಮಳೆಗಾಲದಲ್ಲಿ ಅದು ಮುಳುಗುವುದು, ಎರಡೂ ದಡಗಳಲ್ಲಿ ಗಾಡಿಗಳು ಸಾಲುಗಟ್ಟುವುದು ಪ್ರತಿವರ್ಷದ ಸುದ್ದಿಯಾಗಿತ್ತು. ನೀರು ಪೂರ್ತಿ ಇಳಿಯುವ ಮೊದಲೇ ದಾಟುವ ಅವಸರ ಕೆಲವರಿಗೆ. ಎತ್ತರದ ಹೊಸ ಸೇತುವೆ ಬಂದ ಮೇಲೆ ಆ ಸಂಕಟ ತಪ್ಪಿತು. ಸೀಳಿದ ರಬ್ಬರ್ ಬೂಟಿನೊಳಗೆ ಹೊಳೆಯ ಕೆಸರುನೀರು ಸೇರಿದರೆ ಗ್ರೀಸ್ ತೊಳೆದುಹೋಗಿ ಮರಳು ಉಳಿಯುತ್ತದೆ. ಆಮೇಲೆ ಪ್ರತಿ ತಿರುವಿನಲ್ಲೂ ಆ ಮರಳು ಅರಗೋಲಿನಂತೆ ಲೋಹವನ್ನು ಉಜ್ಜುತ್ತದೆ.

ಇನ್ನು ಕಾಯಿಲೆಗಳ ಲಕ್ಷಣ. ವೈದ್ಯನು ಕೆಮ್ಮು ಕೇಳಿ ಎದೆಯನ್ನು ಪರೀಕ್ಷಿಸುವಂತೆ ಮೆಕ್ಯಾನಿಕನು ಸ್ಟೇರಿಂಗಿನ ಭಾಷೆಯನ್ನು ಬಲ್ಲವನಾಗಿರಬೇಕು.

ಮೊದಲನೆಯದು ಆಟ, ಅಂದರೆ ಪ್ಲೇ. ಕೈಯ ಚಕ್ರ ತಿರುಗಿದರೂ ಗಾಡಿಯ ಚಕ್ರ ತಿರುಗದಿರುವ ಅಂತರ. ಕೈಚಕ್ರದ ಅಂಚಿನಲ್ಲಿ ಅಳೆದರೆ ಇದು 30 ಮಿಲಿಮೀಟರಿನ ಒಳಗಿರಬೇಕು. ಹೆಚ್ಚಿದರೆ ಟೈರಾಡ್ ಎಂಡ್, ರ್‍ಯಾಕಿನ ಬುಷ್ ಅಥವಾ ಸ್ಟೇರಿಂಗ್ ಕಂಬದ ಕೆಳಗಿನ ಜಾಯಿಂಟ್ ಸವೆದಿದೆ ಎಂದರ್ಥ. ಎರಡನೆಯದು ಎಳೆತ. ನೇರ ಮಾರ್ಗದಲ್ಲಿ ಕೈ ಸಡಿಲಿಸಿದರೆ ಕಾರು ಒಂದೇ ಕಡೆಗೆ ಹೋಗುವುದು. ಮೊದಲು ನೋಡಬೇಕಾದ್ದು ಟೈರಿನ ಗಾಳಿ, ಆಮೇಲೆ ಒಂದು ಕಡೆಯ ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದು, ಕೊನೆಗೆ ಅಲೈನ್‌ಮೆಂಟ್. ಮೂರನೆಯದು ನಡುಕ. ನಿರ್ದಿಷ್ಟ ವೇಗಕ್ಕೆ ಬಂದೊಡನೆ ಕೈಚಕ್ರ ಗಡಗಡನೆ ನಡುಗಿ, ವೇಗ ಬದಲಾದೊಡನೆ ನಿಂತರೆ ಅದು ಸಾಮಾನ್ಯವಾಗಿ ಚಕ್ರದ ಬ್ಯಾಲೆನ್ಸಿಂಗ್ ಅಥವಾ ಹೊಂಡಕ್ಕೆ ಬಿದ್ದು ಬಾಗಿದ ಡಿಸ್ಕಿನ ತೊಂದರೆ. ನಾಲ್ಕನೆಯದು ಭಾರ. ಹಗುರವಾಗಿದ್ದ ಸ್ಟೇರಿಂಗು ಬಿಗಿಯಾಗಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬಾರದಿದ್ದರೆ ಗಾಳಿ ಕಡಿಮೆಯಿರಬೇಕು, ಇಲ್ಲವೇ ಮೇಲಿನ ಸ್ಟ್ರಟ್ಟಿನ ಬೇರಿಂಗು ಒಣಗಿರಬೇಕು, ಇಲ್ಲವೇ ಬಾಲ್ ಜಾಯಿಂಟ್ ತುಕ್ಕು ಹಿಡಿದಿರಬೇಕು. ಐದನೆಯದು ಸದ್ದು. ಸಣ್ಣ ಹೊಂಡಕ್ಕೂ ಕೆಳಗಿನಿಂದ ‘ಟಕ್ ಟಕ್’ ಎನ್ನುವುದು ಸವೆದ ಬುಷ್ ಅಥವಾ ಬಾಲ್ ಜಾಯಿಂಟಿನ ಕೂಗು.

ಈ ಐದರಲ್ಲಿ ನಾಲ್ಕು ತಾವಾಗಿ ಕೂಗಿ ಹೇಳುತ್ತವೆ. ಆದರೆ ಆಟ ಎಂಬ ಮೊದಲನೆಯದು ಹಾಗಲ್ಲ. ಅದು ಮೆಲ್ಲನೆ ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಕೈ ಅದರೊಂದಿಗೆ ರಾಜಿ ಮಾಡಿಕೊಳ್ಳುತ್ತದೆ. ಇಂದು ಒಂದು ನೂಲಿನಷ್ಟು ಹೆಚ್ಚು ತಿರುಗಿಸಿದ ಕೈ ನಾಳೆ ಎರಡು ನೂಲಿನಷ್ಟು ತಿರುಗಿಸುತ್ತದೆ. ಮನಸ್ಸಿಗೆ ಗೊತ್ತೇ ಆಗುವುದಿಲ್ಲ. ಗಾಡಿ ಕೆಡುತ್ತಾ ಹೋದಂತೆ ಚಾಲಕ ನಿಪುಣನಾಗುತ್ತಾ ಹೋಗುತ್ತಾನೆ. ಅವನ ನೈಪುಣ್ಯವೇ ದೋಷವನ್ನು ಮುಚ್ಚಿಡುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು 2011ರ ಮಳೆಗಾಲದಲ್ಲಿ. ಕಡಬದ ಕಡೆಯ ನನ್ನ ಸೋದರಳಿಯನ ಬಳಿ ಬೆಂಗಳೂರಿನಿಂದ ತಂದ ಹಳೆಯ ಮಾರುತಿಯಿತ್ತು. ಮರುದಿನ ಬೆಳಗ್ಗೆ ನನ್ನ ಅಕ್ಕನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಿಂದಿನ ದಿನ ಅವನೊಂದಿಗೆ ಸುಳ್ಯದವರೆಗೆ ಹೋದಾಗ, ಅವನ ಕೈಗಳು ನೇರ ಮಾರ್ಗದಲ್ಲೂ ಮೊಸರು ಕಡೆಯುವಂತೆ ಆಡುತ್ತಿದ್ದುದನ್ನು ಕಂಡು ಕೇಳಿದೆ.

“ಹಳೇ ಗಾಡಿ ಅಲ್ವಾ ಮಾವ, ಸ್ಟೇರಿಂಗ್ ಸ್ವಲ್ಪ ಆಡ್ತದೆ. ನಂಗೆ ಅಭ್ಯಾಸ ಆಗಿದೆ. ಬೇರೆಯವ್ರಿಗೆ ಬಿಡ್ಲಿಕ್ಕೆ ಕೊಡುದಿಲ್ಲ, ಅಷ್ಟೆ” ಎಂದ.

ಸುಳ್ಯದ ಸಮೀಪ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿ ಗಾಡಿಯನ್ನು ನಿಲ್ಲಿಸಿದೆವು. ಅವನು ಎಂಜಿನು ಬಂದ್ ಮಾಡಿಸಿ, ಅಳಿಯನಿಗೆ ಕೈಚಕ್ರವನ್ನು ಸಣ್ಣಗೆ ಆಡಿಸಲು ಹೇಳಿ, ತಾನು ಬಗ್ಗಿ ಎಡಚಕ್ರದ ಹಿಂದೆ ಕೈಯಿಟ್ಟ. ಎರಡು ನಿಮಿಷವೂ ಆಗಲಿಲ್ಲ. ನನ್ನನ್ನು ಕರೆದು ತೋರಿಸಿದ. ಟೈರಾಡ್ ಎಂಡಿನ ರಬ್ಬರ್ ಟೊಪ್ಪಿ ಹರಿದು ಕೆಂಪು ಮಣ್ಣು ತುಂಬಿತ್ತು. ಬಟ್ಟಲಿನೊಳಗೆ ಗುಂಡು ಗಿಲಕಿಯಂತೆ ಆಡುತ್ತಿತ್ತು. ಅದು ಕಳಚಿಕೊಂಡರೆ ಎಡಚಕ್ರಕ್ಕೂ ಕೈಗೂ ಸಂಬಂಧವೇ ಇರುವುದಿಲ್ಲ.

“ಮಾಷ್ಟ್ರೇ, ಇವ್ರು ಗಾಡಿ ಬಿಡ್ತಾ ಇದ್ದದ್ದಲ್ಲ, ಗಾಡಿಯನ್ನು ಹಿಡ್ಕೊಂಡು ಹೋಗ್ತಾ ಇದ್ದದ್ದು” ಎಂದ ಅವನು.

ಎರಡೂ ಕಡೆಯ ಟೈರಾಡ್ ಎಂಡ್ ಹೊಸತು ಹಾಕಿಸಿ ರಾತ್ರಿ ಹಿಂತಿರುಗಿದೆವು. ದಾರಿಯಲ್ಲಿ ಅಳಿಯ ಎರಡು ಮೂರು ಸಲ ಗಾಡಿಯನ್ನು ಅಗತ್ಯಕ್ಕಿಂತ ಹೆಚ್ಚು ತಿರುಗಿಸಿದ. ಕಾರು ಸರಿಯಾಗಿತ್ತು, ಕೈ ಇನ್ನೂ ಹಳೆಯ ಕಾರನ್ನೇ ಬಿಡುತ್ತಿತ್ತು. ಅಕ್ಕ ಮರುದಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಮಂಗಳೂರಿಗೆ ಹೋಗಿ ಬಂದಳು. ಹಿಂದಿನ ದಿನ ಏನಾಗಿತ್ತೆಂದು ಅವಳಿಗೆ ಯಾರೂ ಹೇಳಲಿಲ್ಲ.

ಆ ಸಂಜೆ ಅದೇ ವಿದ್ಯಾರ್ಥಿ ಇನ್ನೂ ಎರಡು ಮಾತು ಹೇಳಿದ. ರ್‍ಯಾಕಿನ ಮೇಲೆ ಬಿಗಿತ ಹೊಂದಿಸುವ ಒಂದು ಸ್ಕ್ರೂ ಇದೆ. ಆಟವಿದೆಯೆಂದು ದೂರಿದೊಡನೆ ಕೆಲವರು ಮಾಡುವ ಸುಲಭದ ಕೆಲಸವೆಂದರೆ ಅದನ್ನು ಬಿಗಿಯುವುದು. ಕೈಗೆ ಬಿಗಿ ಸಿಗುತ್ತದೆ, ಗಿರಾಕಿ ಸಂತುಷ್ಟನಾಗುತ್ತಾನೆ; ಆದರೆ ಸವೆದ ಕೀಲು ಸವೆದಂತೆಯೇ ಉಳಿಯುತ್ತದೆ, ರ್‍ಯಾಕಿನ ಹಲ್ಲುಗಳೂ ಬೇಗ ಸವೆಯುತ್ತವೆ. ಎರಡನೆಯದು ಅಲೈನ್‌ಮೆಂಟಿನ ವಿಚಾರ. ಕಂಪ್ಯೂಟರಿನ ತೆರೆಯಲ್ಲಿ ಹಸಿರು ಬಣ್ಣ ಬಂದರೆ ಎಲ್ಲವೂ ಸರಿಯಾಯಿತೆಂಬ ನಂಬಿಕೆ ಹಬ್ಬಿದೆ. ಸಡಿಲ ಕೀಲಿನ ಮೇಲೆ ಮಾಡಿದ ಅಲೈನ್‌ಮೆಂಟ್ ಮೊದಲ ಹೊಂಡದವರೆಗೆ ಮಾತ್ರ. ಮೊದಲು ಕೀಲು, ಆಮೇಲೆ ಅಳತೆ. ವ್ಯಾಕರಣ ಬಾರದವನ ಪ್ರಬಂಧಕ್ಕೆ ಅಕ್ಷರ ದುಂಡಗೆ ಮಾಡಿಸಿ ಪ್ರಯೋಜನವೇನು?

ಈಗಿನ ಹೊಸ ಕಾರುಗಳಲ್ಲಿ ವಿದ್ಯುತ್ ಪವರ್ ಸ್ಟೇರಿಂಗು ಸಾಮಾನ್ಯವಾಗಿದೆ. ತಿರುಗಿಸುವ ಶ್ರಮದ ಬಹುಭಾಗವನ್ನು ಮೋಟಾರೇ ಮಾಡುತ್ತದೆ. ಅನುಕೂಲವೇನೋ ಹೌದು, ಆದರೆ ಮಾರ್ಗದ ಸುದ್ದಿ ಕೈಗೆ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಜೀಪಿನ ಕಾಲದಲ್ಲಿ ದೋಷ ಕಣ್ಣಿಗೆ ಬೀಳುತ್ತಿತ್ತು, ಮಾರುತಿಯ ಕಾಲದಲ್ಲಿ ಕೈಗೆ ತಿಳಿಯುತ್ತಿತ್ತು, ಇನ್ನು ಮುಂದೆ ಅದನ್ನು ಹುಡುಕಿಕೊಂಡೇ ಹೋಗಬೇಕು. ಗಾಡಿ ಸುಖವಾದಷ್ಟೂ ಮಾಲೀಕನಿಗೆ ಗಾಡಿಯ ಪರಿಚಯ ಕಡಿಮೆಯಾಗುತ್ತಾ ಬಂದಿದೆ. ಸಂಪಾಜೆ ಘಾಟಿ, ಶಿರಾಡಿ ಘಾಟಿಗಳ ತಿರುವುಗಳು ಮಾತ್ರ ಕಡಿಮೆಯಾಗಿಲ್ಲ.

ಕಾನೂನಿನ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅನಂತರ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೆಎ-21 ಎಂಬ ಪುತ್ತೂರಿನ ಸಂಖ್ಯೆ ಹೊತ್ತ ಬಹುತೇಕ ಮಾರುತಿ 800ಗಳು ಈ ಗಡಿಯನ್ನು ದಾಟಿವೆ. 2014ರಲ್ಲಿ ಬಂದ ಕಟ್ಟಕಡೆಯ ಕಾರಿಗೂ 2029ರಲ್ಲಿ 15 ತುಂಬುತ್ತದೆ. ಈಗ ಅವುಗಳನ್ನು ಇಟ್ಟುಕೊಂಡವರಲ್ಲಿ ಮೋಹದಿಂದ ಇಟ್ಟುಕೊಂಡವರು ಕೆಲವರು. ಬೇರೆ ಕೊಳ್ಳಲು ಕೈಲಾಗದೆ ಇಟ್ಟುಕೊಂಡವರು ಅನೇಕರು. ಹೈನುಗಾರರು, ಸಣ್ಣ ಅಂಗಡಿಯವರು, ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು. ಗಾಡಿ ಕೊನೆಯ ಮಾಲೀಕನನ್ನು ಸೇರುವಾಗ ಅದಕ್ಕೆ ಆರೈಕೆ ಅತಿ ಹೆಚ್ಚು ಬೇಕು, ಅವನ ಕೈಯಲ್ಲಿ ಹಣ ಅತಿ ಕಡಿಮೆ. ಅಂಥವರಿಗೆ ‘ಹೊಸ ಕಾರು ತೆಗೆದುಕೊಳ್ಳಿ’ ಎನ್ನುವುದು ಉಪದೇಶವಲ್ಲ, ಅಪಹಾಸ್ಯ. ಟೈರಾಡ್ ಎಂಡ್, ಬುಷ್, ಬೂಟುಗಳು ಇಂದಿಗೂ ದೊರೆಯುತ್ತವೆ, ದುಬಾರಿಯೂ ಅಲ್ಲ. ಕೊರತೆಯಿರುವುದು ನೋಡುವ ಕಣ್ಣಿಗೆ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಸಣ್ಣ ಮನೆಗೆಲಸ ಕೊಡುತ್ತೇನೆ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಇಷ್ಟು ಮಾಡಿ. ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಎಂಜಿನು ಬಂದ್ ಮಾಡಿ, ಮನೆಯ ಇನ್ನೊಬ್ಬರಿಗೆ ಕೈಚಕ್ರವನ್ನು ಸಣ್ಣಗೆ ಆಡಿಸಲು ಹೇಳಿ. ನೀವು ಚಕ್ರದ ಹಿಂದಿನ ಕೀಲನ್ನು ನೋಡಿ. ಕೈಯಿಟ್ಟರೆ ಇನ್ನೂ ಒಳ್ಳೆಯದು. ಟಾರ್ಚು ಬಿಟ್ಟು ನಾಲ್ಕು ರಬ್ಬರುಗಳಲ್ಲಿ ಸೀಳಿದೆಯೇ ಪರೀಕ್ಷಿಸಿ: ರ್‍ಯಾಕಿನ ಎರಡು, ಟೈರಾಡಿನ ಎರಡು. ಮುಂಟೈರುಗಳ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಒರಟಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಇದಕ್ಕೆ ಹತ್ತು ನಿಮಿಷ ಸಾಕು.

ಕೊನೆಯದಾಗಿ, ವರ್ಷಕ್ಕೊಮ್ಮೆಯಾದರೂ ನಿಮ್ಮ ಗಾಡಿಯನ್ನು ಪರಿಚಯದ ಇನ್ನೊಬ್ಬ ಚಾಲಕನ ಕೈಗೆ ಕೊಟ್ಟು ಖಾಲಿ ಮಾರ್ಗದಲ್ಲಿ ಮೆಲ್ಲನೆ ಒಂದು ಮೈಲಿ ಓಡಿಸಲು ಹೇಳಿ. “ಇದೇನು ಹೀಗಿದೆ?” ಎಂದು ಅವನು ಕೇಳಿದರೆ, “ನನಗೆ ಅಭ್ಯಾಸವಾಗಿದೆ” ಎಂದು ಮಾತ್ರ ಉತ್ತರಿಸಬೇಡಿ. ನೇರ ಗ್ಯಾರೇಜಿಗೆ ಹೋಗಿ.